ಕಳೆದುಹೋದ ಏಳು ಕಿಲೋಮೀಟರ್

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಬಾಕಿ. ಕೊಡಿಗೇನಹಳ್ಳಿ ದಾಟಿ ಪಾವಗಡದ ಕಡೆಗೆ ಹೊರಟ ರಸ್ತೆಯ ಅಂಚಿನಲ್ಲಿ, ಒಂದು ಕಿಲೋಮೀಟರ್ ಕಲ್ಲಿನ ಮುಂದೆ, ಚೌಡಯ್ಯ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಬದಿಗೆ ಒಂದು ಚೊಂಬು ನೀರು, ಒಂದು ತುಂಡು ಹಳೇ ಪಂಚೆ, ಎರಡು ಡಬ್ಬ ಬಣ್ಣ. ಕಲ್ಲಿನ ಮುಖ ತೊಳೆದಾಗಿದೆ, ಒರೆಸಿಯೂ ಆಗಿದೆ. ಈಗ ಸುಮ್ಮನೆ ಕಾಯುತ್ತಿದ್ದಾರೆ. ಕಲ್ಲು ಒಣಗಬೇಕು, ಬಿಸಿಲು ಏರಬಾರದು. ಇವೆರಡರ ನಡುವೆ ಸಿಗುವ ಸ್ವಲ್ಪ ಹೊತ್ತಿನಲ್ಲೇ ಅವರ ಕೆಲಸ.

"ಕಾದ ಕಲ್ಲಿನ ಮ್ಯಾಲೆ ಬಣ್ಣ ನಿಲ್ಲಲ್ಲ, ಗುಳ್ಳೆ ಏಳ್ತದೆ. ಅದಕ್ಕೇ ಕೋಳಿ ಕೂಗೋ ಹೊತ್ಗೆ ಮನೆ ಬುಟ್ಬುಡ್ತೀನಿ" ಎನ್ನುತ್ತಾ ಬೆರಳಿನ ಹಿಂಬದಿಯಿಂದ ಕಲ್ಲನ್ನು ಮುಟ್ಟಿ ನೋಡುತ್ತಾರೆ. ಆಮೇಲೆ ಬ್ರಶ್ಶು ಎತ್ತುತ್ತಾರೆ. ಅಚ್ಚಿಲ್ಲ, ಗೆರೆಯಿಲ್ಲ, ಸ್ಕೇಲಿಲ್ಲ. ಉಸಿರು ಹಿಡಿದು ಒಂದೇ ಎಳೆತಕ್ಕೆ ಒಂದು ಅಂಕಿ. ಮೂಡಲಲ್ಲಿ ಬೆಳಕು ಕೆಂಪಗಾಗುವಷ್ಟರಲ್ಲಿ 'ಮಧುಗಿರಿ' ಅನ್ನುವ ನಾಲ್ಕಕ್ಷರದ ಕೆಳಗೆ ಎರಡಂಕಿಯೂ ಕೂತಾಗಿದೆ, ಅಚ್ಚಿನಲ್ಲಿ ಹೊಡೆದರೂ ಅಷ್ಟು ಚೆಂದ ಬರುವುದಿಲ್ಲ.

ನಾವು ನೀವು ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡು ತೂಕಡಿಸುತ್ತಾ ಈ ಕಲ್ಲುಗಳನ್ನು ಓದುತ್ತೇವೆ. 'ಅಬ್ಬಾ, ಇನ್ನು ನಾಲ್ಕೇ ಕಿಲೋಮೀಟರ್' ಅಂದುಕೊಂಡು ಸೀಟಿನ ಕೆಳಗೆ ಚಪ್ಪಲಿಗೆ ಕಾಲಾಡಿಸುತ್ತೇವೆ. ಆ ನಾಲ್ಕನ್ನು ಯಾರೋ ಒಬ್ಬರು ಮಂಡಿ ಊರಿ ಬರೆದಿರಬೇಕಲ್ಲ ಅನ್ನುವುದು ನಮ್ಮ ತಲೆಗೇ ಹೋಗುವುದಿಲ್ಲ. ಮೂವತ್ತಮೂರು ವರ್ಷದಿಂದ ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ತಾಲ್ಲೂಕುಗಳ ರಸ್ತೆಗಳಲ್ಲಿ ಹಾಗೆ ಬರೆಯುತ್ತಾ ಬಂದಿರುವವರು ಈ ಚೌಡಯ್ಯ. ಇಲಾಖೆಯ ರಸ್ತೆ ಗ್ಯಾಂಗಿನ ಕೆಲಸಗಾರರು, ವಯಸ್ಸು ಐವತ್ತೇಳು. ದಿನಕ್ಕೆ ಏಳೆಂಟು ಕಲ್ಲು. ಒಂದು ಸುತ್ತು ಮುಗಿಯುವಷ್ಟರಲ್ಲಿ ವರ್ಷ ತುಂಬುತ್ತದೆ, ಮೊದಲ ಕಲ್ಲಿನ ಬಣ್ಣ ಹೋಗಿರುತ್ತದೆ, ಮತ್ತೆ ಅಲ್ಲಿಂದ ಶುರು.

ಇವತ್ತು ಮಾತ್ರ ಒಂದೇ ಕಲ್ಲಿಗೆ ಬ್ರಶ್ಶು ತೊಳೆದಿಟ್ಟಿದ್ದಾರೆ. ಒಂಬತ್ತು ಗಂಟೆಗೆ ಇಂಜಿನಿಯರ್ ಜೀಪು ಬರುತ್ತದೆ. ಮುಂದಿನ ಕ್ರಾಸಿನಲ್ಲಿ ನಿಂತಿರುವ ತಗಡಿನ ಬೋರ್ಡಿನಲ್ಲಿ 74 ಅಂತ ಬರೆದಿದೆ. ಅದು 81 ಆಗಬೇಕು ಅನ್ನುವುದು ಚೌಡಯ್ಯನವರ ಹಟ. ಒಂದೂವರೆ ವರ್ಷದಿಂದ ಹಟ ಹಿಡಿದಿದ್ದಾರೆ. ಇವತ್ತು ಜೀಪಿನ ಮೀಟರ್ ಏನು ಹೇಳುತ್ತದೋ ಅದೇ ತೀರ್ಪು. 74 ಸರಿ ಅಂತಾದರೆ ಬೋರ್ಡು ಹಾಗೇ ಇರುತ್ತದೆ, ಚೌಡಯ್ಯ ಇನ್ನು ಬಾಯಿ ಮುಚ್ಚಿಕೊಂಡಿರಬೇಕು.

"ನಿದ್ದೆ ಮಾಡಿಲ್ಲ ಈವಯ್ಯ" ಎನ್ನುತ್ತಾರೆ ಬುತ್ತಿ ಹಿಡಿದು ಬಂದ ಹೆಂಡತಿ ಪೆದ್ದಮ್ಮ. "ಮಗಳ ಮದ್ವೆ ಹಿಂದ್ಲ ದಿನಾನೂ ಗೊರಕೆ ವಡ್ಕಂಡು ಮಲಗಿದ್ದ. ಒಂದು ಅಂಕಿಗೆ ಇಂಗಾಡ್ತಾವ್ನೆ."

ಅಂಕಿಯ ಕಥೆ ತಿಳಿಯಬೇಕಾದರೆ ಆ ಬೋರ್ಡಿನ ಕಥೆ ತಿಳಿಯಬೇಕು. ಈ ಸೀಮೆಯವರಿಗೆ ವಿಮಾನ ಹತ್ತಬೇಕೆಂದರೆ ಬೆಂಗಳೂರೇ ಆಗಬೇಕೆಂದಿಲ್ಲ. ಎರಡು ಸಣ್ಣ ಏರ್‌ಪೋರ್ಟುಗಳಿವೆ. ಒಂದು ಗಡಿಯಾಚೆ ಮೂಡಲಿಗೆ, ಇನ್ನೊಂದು ಬಡಗಲಿಗೆ. ಎರಡೂ ಎಷ್ಟು ಸಣ್ಣವೆಂದರೆ ದಿನಕ್ಕೊಂದು ವಿಮಾನ ಬಂದು ಹೋದರೆ ಅವತ್ತಿನ ಗಲಾಟೆ ಮುಗಿಯಿತು. ಊರವರ ಬಾಯಲ್ಲಿ ಅವು ಮೂಡ್ಲು ಏರ್‌ಪೋರ್ಟು, ಬಡಗ್ಲು ಏರ್‌ಪೋರ್ಟು. ಎರಡರ ದಾರಿಯೂ ಕವಲೊಡೆಯುವುದು ಈ ಕ್ರಾಸಿನಲ್ಲೇ. ಬೋರ್ಡಿನ ಮೇಲೆ ಎಡಕ್ಕೊಂದು ಬಾಣ, ಬಡಗಲಿಗೆ 89. ಬಲಕ್ಕೊಂದು ಬಾಣ, ಮೂಡಲಿಗೆ 74.

ಒಂದು ಕಡೆ ವಿಮಾನ ರದ್ದಾದರೆ ಜನ ಇನ್ನೊಂದು ಕಡೆಗೆ ಓಡುತ್ತಾರೆ. ಆದರೆ ಒಂದು ಏರ್‌ಪೋರ್ಟಿನಿಂದ ಇನ್ನೊಂದಕ್ಕೆ ಎಷ್ಟು ದೂರ, ಎಷ್ಟು ಹೊತ್ತು, ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ. ಟ್ಯಾಕ್ಸಿಯವರೆಲ್ಲ ಈ ಬೋರ್ಡನ್ನು ನೆನಪಿಸಿಕೊಂಡು ಎರಡು ಅಂಕಿ ಕೂಡುತ್ತಿದ್ದರು. ಎಂಬತ್ತೊಂಬತ್ತು, ಎಪ್ಪತ್ತನಾಲ್ಕು. ನೂರ ಅರವತ್ತಮೂರು.

ಎರಡು ವರ್ಷದ ಹಿಂದೆ, ಪುಷ್ಯಮಾಸದ ಒಂದು ಬೆಳಿಗ್ಗೆ, ಬರಗೂರಿನ ಮಂಗಳಾ ಎಂಬ ಪ್ರೈಮರಿ ಶಾಲೆ ಟೀಚರು ಬಡಗಲ ಏರ್‌ಪೋರ್ಟಿಗೆ ಹೋದರು. ದೂರದ ಊರಿನ ಆಸ್ಪತ್ರೆಯಲ್ಲಿ ಅವರ ಅಕ್ಕ ಮಲಗಿದ್ದರು. ತಾಯಿಯಿಲ್ಲದ ತಂಗಿಯನ್ನು ಎತ್ತಿ ಆಡಿಸಿ ಓದಿಸಿದ ಅಕ್ಕ. 'ಮಂಗಳಾನ ಒಂದ್ಸಲ ಕರೆಸಿ' ಎಂದು ಹಿಂದಿನ ದಿನ ಹೇಳಿ ಕಳಿಸಿದ್ದರು. ಏರ್‌ಪೋರ್ಟಿನಲ್ಲಿ ನೋಡಿದರೆ ಮಂಜು, ವಿಮಾನ ರದ್ದು. ಮೂಡಲ ಏರ್‌ಪೋರ್ಟಿನಿಂದ ಮಧ್ಯಾಹ್ನ ಒಂದು ವಿಮಾನ ಇದೆ, ಎರಡೂಕಾಲಿಗೆ ಕೌಂಟರ್ ಮುಚ್ಚುತ್ತಾರೆ, ಅಷ್ಟರೊಳಗೆ ಅಲ್ಲಿ ಇರಿ ಎಂದರು.

ಕಾರು ಓಡಿಸುತ್ತಿದ್ದವರು ಶಿರಾದ ಮುತ್ತುರಾಜು. ಅವರು ಗಡಿಯಾರ ನೋಡಿದಾಗ ಹತ್ತು ಐವತ್ತು. "ಮನಸ್ನಾಗೇ ಕೂಡಿದೆ. ನೂರರವತ್ಮೂರು, ಮೂರೂಕಾಲು ಗಂಟೆ. ಎರಡು ಗಂಟೆ ಐದು ನಿಮಿಷಕ್ಕೆ ಮುಟ್ಟುಸ್ತೀನಿ ಮೇಡಂ ಅಂದೆ. ದಾರೀಲಿ ಟೀನೂ ಕುಡೀಲಿಲ್ಲ" ಎಂದು ಅವರು ಈಗಲೂ ತಲೆ ತಗ್ಗಿಸಿ ಹೇಳುತ್ತಾರೆ. ಗಡಿಯ ಗುಡ್ಡಗಳ ನಡುವೆ ಫೋನಿನ ಮ್ಯಾಪು ಸತ್ತುಹೋಗಿತ್ತು. ಆದರೂ ಎರಡು ಗಂಟೆ ಎಂಟು ನಿಮಿಷಕ್ಕೆ, ಸರಿಯಾಗಿ 163ನೇ ಕಿಲೋಮೀಟರಿಗೆ, ಏರ್‌ಪೋರ್ಟು ಸಿಕ್ಕಿತು. ಅಂದರೆ ಏರ್‌ಪೋರ್ಟಿನ ಗೋಡೆ ಸಿಕ್ಕಿತು.

ಗೋಡೆಯಾಚೆ ವಿಮಾನದ ಬಾಲ ಕಾಣುತ್ತಿತ್ತು. ಗೇಟು ಮಾತ್ರ ಎಲ್ಲೂ ಇರಲಿಲ್ಲ. ಕುರಿ ಕಾಯುತ್ತಿದ್ದವರೊಬ್ಬರು ಕೈ ತೋರಿಸಿದರು. ಗೇಟು ಇರುವುದು ಆಚೆ ಮಗ್ಗುಲಿಗೆ. ಕೆರೆ ಏರಿ ಹತ್ತಿ, ಊರೊಳಗೆ ಹಾದು, ಗೋಡೆ ಬಳಸಿಕೊಂಡು ಹೋಗಬೇಕು, ಏಳು ಕಿಲೋಮೀಟರ್. ಅವರು ಕೌಂಟರಿನ ಮುಂದೆ ನಿಂತಾಗ ಎರಡು ಗಂಟೆ ಇಪ್ಪತ್ತನಾಲ್ಕು ನಿಮಿಷ. ಒಂಬತ್ತು ನಿಮಿಷ ತಡ. ಗಾಜಿನಾಚೆ ವಿಮಾನ ಹೊರಟಿತು. ಮಂಗಳಾ ಬಸ್ಸು ಹಿಡಿದು ಮಾರನೇ ದಿನ ಆಸ್ಪತ್ರೆ ಮುಟ್ಟಿದರು. ಅಕ್ಕ ಹಿಂದಿನ ದಿನ ರಾತ್ರಿಯೇ ತೀರಿಕೊಂಡಿದ್ದರು. ಆ ವಿಮಾನ ಸಿಕ್ಕಿದ್ದರೆ ಮೂರು ಗಂಟೆ ಕಾಲ ಅಕ್ಕನ ಕೈ ಹಿಡಿದು ಕೂತಿರಬಹುದಿತ್ತು.

ಹದಿನೈದು ದಿನವಾದ ಮೇಲೆ ಆಕೆ ಬಸ್ಸಿನಿಂದ ಈ ಕ್ರಾಸಿನಲ್ಲಿ ಇಳಿದರು. ಚೌಡಯ್ಯ ಬೋರ್ಡಿನ ಕಂಬಕ್ಕೆ ಕಪ್ಪು ಬಣ್ಣ ಹೊಡೆಯುತ್ತಿದ್ದರು. ಆಕೆ ಬಹಳ ಹೊತ್ತು ಬೋರ್ಡನ್ನೇ ನೋಡುತ್ತಾ ನಿಂತಿದ್ದು ಅವರಿಗೆ ನೆನಪಿದೆ.

"ಇದನ್ನ ಬರ್ದೋರು ಯಾರಣ್ಣ ಅಂದ್ರು. ನಾನೇ ಕಣಮ್ಮ ಅಂದೆ. ಚೆನ್ನಾಗೈತೆ ಅಂತಾರೇನೋ ಅನ್ಕಂಡಿದ್ದೆ ನಾನು, ಪಾಪಿ. ಏಳು ಕಿಲೋಮೀಟ್ರು ಎಲ್ಲೋಯ್ತಣ್ಣ ಅಂದ್ರು. ಬೈಯ್ಲಿಲ್ಲ. ಬೈದಿದ್ರೆ ಇರ್ತಿದ್ದೆ. ನಿಮ್ಮ ತಪ್ಪಲ್ಲ ಬುಡಿ ಅಂತ ಅವ್ರೇ ಯೋಳಿ, ಎಲ್ಲಾ ಕತೆ ಯೋಳಿ, ಮುಂದ್ಲ ಬಸ್ಸು ಹತ್ಕಂಡು ಹೋದ್ರು."

ತಪ್ಪು ನಿಜವಾಗಿಯೂ ಚೌಡಯ್ಯನವರದ್ದಲ್ಲ. ಬೋರ್ಡಿಗೆ ಏನು ಬರೆಯಬೇಕೆಂದು ಮೇಲಿನಿಂದ ಒಂದು ಹಾಳೆ ಬರುತ್ತದೆ, ಹಾಳೆಯಲ್ಲಿದ್ದದ್ದನ್ನು ತಗಡಿಗೆ ಇಳಿಸುವುದಷ್ಟೇ ಅವರ ಕೆಲಸ. ಯಾರೋ ಎಲ್ಲೋ ಕೂತು, ಕಂಪ್ಯೂಟರಿನಲ್ಲಿ ಗೋಡೆಯ ತನಕ ಗೆರೆ ಎಳೆದು, 74 ಎಂದು ಹಾಳೆಗೆ ಹಾಕಿದ್ದರು. ಗೋಡೆಯಲ್ಲಿ ಬಾಗಿಲಿಲ್ಲ ಅನ್ನುವುದು ಕಂಪ್ಯೂಟರಿಗೆ ಏನು ಗೊತ್ತು? ಆದರೆ 'ಹಾಳೆ ನೋಡಿ ಬರ್ದೆ' ಅನ್ನುವ ಉತ್ತರ ಚೌಡಯ್ಯನವರಿಗೇ ಒಪ್ಪಿಗೆಯಾಗಲಿಲ್ಲ. ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೇ ದಿನ ಅಟ್ಟದ ಮೇಲಿಂದ ಹಳೇ ಸೈಕಲ್ ಇಳಿಸಿದರು.

ಇಲ್ಲಿಂದ ಮುಂದೆ ನಡೆದದ್ದನ್ನು ಕೇಳಿದರೆ ಮೈ ಜುಮ್ಮೆನ್ನುತ್ತದೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಕದರಪ್ಪ ಎಂಬ ಗ್ಯಾಂಗ್ ಮೇಸ್ತ್ರಿ ಅವರಿಗೆ ದೂರ ಅಳೆಯುವುದನ್ನು ಕಲಿಸಿದ್ದರು. ಸೈಕಲ್ಲಿನ ಮುಂದಿನ ಗಾಲಿ ಒಂದು ಸುತ್ತು ಉರುಳಿದರೆ ಏಳಡಿ ಮೂರಂಗುಲ. ನಾನೂರ ಐವತ್ತೆರಡೂವರೆ ಸುತ್ತಿಗೆ ಒಂದು ಕಿಲೋಮೀಟರ್. ಗಾಲಿಯ ಕಡ್ಡಿಗೆ ಒಂದು ತಗಡಿನ ಚೂರು ಕಟ್ಟಿದರೆ ಸುತ್ತಿಗೊಮ್ಮೆ ಟಿಕ್ ಅನ್ನುತ್ತದೆ. ಸೈಕಲ್ ಹತ್ತುವಂತಿಲ್ಲ, ಹತ್ತಿದರೆ ಎಣಿಕೆ ತಪ್ಪುತ್ತದೆ; ತಳ್ಳಿಕೊಂಡೇ ನಡೆಯಬೇಕು. ಬಲಗಡೆ ಜೇಬಿನ ತುಂಬ ಹುಣಸೆ ಬೀಜ. ನೂರು ಟಿಕ್ ಆದಾಗ ಒಂದು ಬೀಜ ಬಲದಿಂದ ಎಡಕ್ಕೆ. ಯಾರಾದರೂ ಮಾತಾಡಿಸಿದರೆ ಉತ್ತರ ಕೊಡುವಂತಿಲ್ಲ, ನೂರು ಮುಗಿಯುವ ತನಕ ನಮಸ್ಕಾರವೂ ಇಲ್ಲ. ದಾರಿಯುದ್ದಕ್ಕೂ ಎಷ್ಟು ಜನ ಇವರನ್ನು ಕಿವುಡ ಅಂದುಕೊಂಡರೋ, ಎಷ್ಟು ಜನ ತಲೆ ಕೆಟ್ಟಿದೆ ಅಂದುಕೊಂಡರೋ.

ರಜೆ ಹಾಕಿ ಕ್ರಾಸಿನಿಂದ ಮೂಡಲ ಏರ್‌ಪೋರ್ಟಿನ ಕಡೆಗೆ ಹೊರಟರು. ಐದು ದಿನ ನಡಿಗೆ. ಶಾಲೆಯ ಜಗುಲಿ, ಗುಡಿಯ ಜಗುಲಿ, ಎಲ್ಲಿ ಕತ್ತಲಾಯಿತೋ ಅಲ್ಲಿ ಮಲಗುವುದು, ಮಲಗಿದ ಜಾಗದಲ್ಲಿ ಗಾಲಿಗೆ ಕಲ್ಲು ಒತ್ತಿಟ್ಟು ಗುರುತು ಮಾಡುವುದು. ಗೇಟು ಮುಟ್ಟಿದ ಮೇಲೆ ಬೀಜಗಳನ್ನು ಅಲ್ಲೇ ಎಣಿಸಲಿಲ್ಲ. ಆಯಾಸದಲ್ಲಿ ತಪ್ಪಾದೀತು, ಮನೆಯಲ್ಲಿ ಸಮಾಧಾನವಾಗಿ ಎಣಿಸೋಣ ಎಂದು ಸೈಕಲ್ಲನ್ನು ಬಸ್ಸಿನ ಮೇಲೇರಿಸಿ ಊರಿಗೆ ಬಂದರು. ಬೀಜಗಳನ್ನು ಒಂದು ಬಟ್ಟೆಯಲ್ಲಿ ಗಂಟು ಕಟ್ಟಿ ಅಡುಗೆಮನೆಯ ಗೂಡಿನಲ್ಲಿಟ್ಟು ಮಲಗಿಬಿಟ್ಟರು.

ಬೆಳಿಗ್ಗೆ ಎದ್ದರೆ ಮನೆಯೆಲ್ಲ ಘಮ್ಮೆನ್ನುತ್ತಿದೆ. ಪೆದ್ದಮ್ಮ ಹುಣಸೆ ಬೀಜ ಹುರಿಯುತ್ತಿದ್ದಾರೆ.

ಈ ಕಡೆ ಹುರಿದ ಹುಣಸೆ ಬೀಜ ಎಲ್ಲರ ಮನೆಯ ತಿಂಡಿ. ಸಿಪ್ಪೆ ಬಿಡಿಸಿ ಬಾಯಿಗೆ ಹಾಕಿಕೊಂಡರೆ ಅರ್ಧ ಹೊತ್ತು ಜಗಿಯಬಹುದು. ಗಂಡ ದಾರಿಯಲ್ಲಿ ಸಿಕ್ಕ ಬೀಜ ಆರಿಸಿ ತಂದಿದ್ದಾನೆ ಅಂದುಕೊಂಡ ಆ ಮಹಾತಾಯಿ, ಬಾಣಲೆಗೆ ಸುರಿದು, ನೆರೆಮನೆಯವರಿಗೂ ಒಂದೊಂದು ಹಿಡಿ ಹಂಚಿಬಿಟ್ಟಿದ್ದರು. ಐದು ದಿನದ ದಾರಿ ಓಣಿಯವರ ಬಾಯಲ್ಲಿ ಕಟಕಟ ಅನ್ನುತ್ತಿತ್ತು.

"ಎದ್ದು ಬಂದ ಈವಯ್ಯ" ಎನ್ನುತ್ತಾರೆ ಪೆದ್ದಮ್ಮ. ಹೇಳುವಾಗ ಈಗಲೂ ಸೆರಗು ಬಾಯಿಗೆ ಹೋಗುತ್ತದೆ, ನಗುವಿಗೋ ನಾಚಿಕೆಗೋ ತಿಳಿಯುವುದಿಲ್ಲ. "ಬಾಣ್ಲೆ ನೋಡ್ದ, ನನ್ನ ಮಕ ನೋಡ್ದ, ಓಗಿ ಸೈಕಲ್ಗೆ ಗಾಳಿ ವಡೆಯಕ್ಕೆ ಕುಂತ್ಕಂಡ. ತಡಿ, ಉರ್ದಿದ್ದೋಳು ನಾನು, ಎಣಿಸೋಳೂ ನಾನೇ ಅಂದೆ. ರಾಗಿ ಹಿಟ್ಟು ಕಟ್ಕಂಡೆ, ನಾನೂ ವಂಟೆ."

ಎರಡನೇ ಸಲ ಗಂಡ ಹೆಂಡತಿ ಇಬ್ಬರೂ ಹೊರಟರು. ಗಂಡ ಸೈಕಲ್ ತಳ್ಳುವುದು, ಟಿಕ್ ಎಣಿಸುವುದು. ನೂರಾದಾಗ 'ಹೂಂ' ಅನ್ನುವುದು. ಹೆಂಡತಿ ತಲೆಯ ಮೇಲೆ ಗಂಟು ಹೊತ್ತು, ಮಡಿಲಿನಲ್ಲಿ ಬೀಜ ಇಟ್ಟುಕೊಂಡು, 'ಹೂಂ' ಅಂದಾಗೊಂದು ಬೀಜ ಸೊಂಟದ ಚೀಲಕ್ಕೆ ಹಾಕುವುದು. ಇಬ್ಬರ ನಡುವೆ ಐದು ದಿನ ಬೇರೆ ಮಾತೇ ಇಲ್ಲ. ಮದುವೆಯಾಗಿ ಮೂವತ್ತು ವರ್ಷದಲ್ಲಿ ಜಗಳವಿಲ್ಲದೆ ಅಷ್ಟು ದಿನ ಕಳೆದದ್ದು ಅದೇ ಮೊದಲು ಎಂದು ಪೆದ್ದಮ್ಮ ಹೇಳುತ್ತಾರೆ. ಗೇಟಿನ ಎದುರಿನ ಬೇವಿನ ಮರದ ಕೆಳಗೆ, ಈ ಸಲ ಅಲ್ಲೇ, ಮೂರು ಸಲ ಎಣಿಸಿದರು. ಮುನ್ನೂರ ಅರವತ್ತಾರು ಬೀಜ, ಮೇಲೆ ನಲವತ್ತು ಸುತ್ತು. ಎಂಬತ್ತೊಂದು ಕಿಲೋಮೀಟರಿಗೆ ಮೂವತ್ತು ಚಿಲ್ಲರೆ ಮೀಟರ್ ಕಡಿಮೆ.

ಬೀಜ ಹರಡಿಕೊಂಡು ಕೂತ ದಂಪತಿಯನ್ನು ನೋಡಿ ಗೇಟಿನ ಕಾವಲಿನವನು ಬಂದ. "ಏಮಿ ತಾತಾ, ಇಕ್ಕಡ ಏಂ ಚೇಸ್ತುನ್ನಾರು?" ಇಲ್ಲೇನು ಮಾಡ್ತಿದ್ದೀರಿ ಎಂದು ತೆಲುಗಿನಲ್ಲಿ ಕೇಳಿದ. ಪಾವಗಡದ ಬದಿಯಲ್ಲಿ ಮೂರು ದಶಕ ತಿರುಗಿದ ಚೌಡಯ್ಯನವರಿಗೆ ತೆಲುಗು ನೀರು ಕುಡಿದಷ್ಟು ಸಲೀಸು. ಎರಡು ಏರ್‌ಪೋರ್ಟಿನ ನಡುವೆ ಎಷ್ಟು ದೂರ ಅಂತ ಅಳೀತಿದ್ದೀನಿ, ಇನ್ನು ಅರ್ಧ ಬಾಕಿ ಇದೆ ಎಂದರು. ಅವನು ನಕ್ಕ. ಅಲ್ಲಿಂದೆದ್ದು ಇಲ್ಲಿಳಿಯಲು ವಿಮಾನಕ್ಕೆ ಇಪ್ಪತ್ತೈದೇ ನಿಮಿಷ ಎಂದ.

"ಇಪ್ಪತ್ತೈದು ನಿಮಿಷ ಅಂದೇಟ್ಗೆ ತಲೆ ಎತ್ತಿ ಆಕಾಸ ನೋಡ್ದೆ" ಎನ್ನುತ್ತಾರೆ ಚೌಡಯ್ಯ. ಕಣ್ಣು ಇನ್ನೂ ಅರಳುತ್ತದೆ. "ನಮಗೆ ಅದು ಹನ್ನೊಂದು ದಿನದ ದಾರಿ. ಅದೆಂಥಾ ಗಾಲಿ ಇರ್ಬೇಕು ಅದಕ್ಕೆ. ಆದ್ರೆ ಒಂದು ಯೋಳ್ಲಾ? ಅದು ಎಷ್ಟೇ ಜೋರಾಗಿ ಹಾರ್ಲಿ, ಅದ್ರ ತಾವಿಕ್ಕೆ ಓಗೋ ಮನ್ಸ ನೆಲದ ಮ್ಯಾಲೇ ಓಗ್ಬೇಕಲ್ಲ. ನೆಲದ ದೂರ ತಪ್ಪಾಗಿದ್ರೆ ವಿಮಾನ ಇದ್ದೂ ಏನ್ ಬಂತು."

ಆಮೇಲೆ ಒಬ್ಬರೇ ಕ್ರಾಸಿನಿಂದ ಬಡಗಲ ಕಡೆಗೆ ಆರು ದಿನ ನಡೆದರು. ಆ ಕಡೆಯ 89 ಸರಿಯಾಗಿತ್ತು. ಒಟ್ಟು ಗೇಟಿನಿಂದ ಗೇಟಿಗೆ ನೂರ ಎಪ್ಪತ್ತು ಕಿಲೋಮೀಟರ್. ಗಾಲಿ ಎಪ್ಪತ್ತಾರು ಸಾವಿರದ ಒಂಬೈನೂರಕ್ಕೂ ಹೆಚ್ಚು ಸಲ ಸುತ್ತಿದೆ. ಬಾಣಲೆ ಪಾಲಾದ ಮೊದಲ ಐದು ದಿನ ಇದರಲ್ಲಿ ಸೇರಿಲ್ಲ. ಇಷ್ಟನ್ನೂ ಅವರಿಗೆ ಯಾರೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ, ಒಬ್ಬ ಹೆಣ್ಣುಮಗಳು ಬಸ್ಸಿಳಿದು ಒಂದೇ ಒಂದು ಪ್ರಶ್ನೆ ಕೇಳಿದ್ದಳು ಅಷ್ಟೆ. ಇಂಥವರನ್ನು ಏನೆಂದು ಕರೆಯುವುದು?

ಅಂಕಿ ಸಿಕ್ಕಿತು, ಬರೆಯುವುದು ಹೇಗೆ? ಬೋರ್ಡಿನ ಮುಖದ ಮೇಲೆ ಹಾಳೆಯಲ್ಲಿದ್ದದ್ದೇ ಇರಬೇಕು, ಅದು ಕಟ್ಟಪ್ಪಣೆ. ಆದರೆ ಬೋರ್ಡಿಗೆ ಬೆನ್ನೂ ಇದೆ. ಅಲ್ಲಿ ಬರೆಯುವುದು ಚೌಡಯ್ಯನವರ ಹಳೇ ಸಂಪ್ರದಾಯ. ನಾಲ್ಕು ತಾಲ್ಲೂಕಿನ ಕ್ರಾಸುಗಳಲ್ಲಿ ಅವರು ಬರೆದ ಯಾವ ಬೋರ್ಡಿನ ಹಿಂದೆ ಹೋಗಿ ನೋಡಿದರೂ ಕೆಳಗಿನ ಮೂಲೆಯಲ್ಲಿ ಬಿಳೀ ಬಣ್ಣದ ಸಣ್ಣ ಅಕ್ಷರ ಕಾಣುತ್ತವೆ. 'ಕೊರಟಗೆರೆ, ಬಸ್ಸು 50 ನಿಮಿಷ, ಸಂತೆ ದಿನ 1 ಗಂಟೆ 10.' 'ಶಿರಾ, ಕಾರು 45 ನಿಮಿಷ, ಶಾಲೆ ಬಿಡುವಾಗ 55.' ಡ್ರೈವರು ಕಂಡಕ್ಟರುಗಳನ್ನು ಕೇಳಿ ಕೇಳಿ ಬರೆದದ್ದು. "ಕಲ್ಲು ದೂರ ಯೋಳ್ತದೆ, ಹೊತ್ತು ಯೋಳಲ್ಲ. ಜನಕ್ಕೆ ಬೇಕಾಗಿರೋದು ಹೊತ್ತು" ಎನ್ನುವುದು ಅವರ ವಾದ. ಬೋರ್ಡಿನ ಬೆನ್ನು ಯಾರ ಕಣ್ಣಿಗೂ ಬೀಳದ ಜಾಗ, ಹಾಗಾಗಿ ಯಾರೂ ಆಕ್ಷೇಪಿಸಲಿಲ್ಲ. ಈ ಭಾಗದ ಟ್ಯಾಕ್ಸಿಯವರಿಗೆ ಮಾತ್ರ ಗೊತ್ತು. ಹೊಸಬರು ದಾರಿ ಕೇಳಿದರೆ 'ಬೋರ್ಡಿನ ಬೆನ್ನು ನೋಡು' ಎನ್ನುತ್ತಾರೆ.

ಹೀಗಾಗಿ ಒಂದೂವರೆ ವರ್ಷದಿಂದ ಆ ಕ್ರಾಸಿನಲ್ಲಿ ಒಂದು ವಿಚಿತ್ರ ನಡೆದಿದೆ. ಬೋರ್ಡಿನ ಮುಖದಲ್ಲಿ 74, ಬೆನ್ನಿನಲ್ಲಿ 81. ಬೆನ್ನಿನಲ್ಲಿ ಇನ್ನೊಂದು ಸಾಲೂ ಇದೆ: 'ಗೇಟಿನಿಂದ ಗೇಟಿಗೆ 170, ಕಾರು 3 ಗಂಟೆ 35 ನಿಮಿಷ.' ಮುಖ ಸುಳ್ಳು ಹೇಳುತ್ತದೆ, ಬೆನ್ನು ನಿಜ ಹೇಳುತ್ತದೆ. ಈ ಒಂದೂವರೆ ವರ್ಷದಲ್ಲಿ ಬೆನ್ನು ನೋಡುವುದು ಗೊತ್ತಿಲ್ಲದ ಎಷ್ಟು ಜನ ಆ ಗೋಡೆಯ ಹತ್ತಿರ ಹೋಗಿ ನಿಂತರೋ ಎನ್ನುವ ಯೋಚನೆಗೇ ಚೌಡಯ್ಯನವರಿಗೆ ಊಟ ರುಚಿಸುತ್ತಿರಲಿಲ್ಲ.

ಅರ್ಜಿ ಕೊಡಬೇಕೆಂದರೆ, "ಅಂಕಿ ಬರೀತೀನಿ, ಅರ್ಜಿ ಬರೆಯಕ್ಕೆ ಬರಲ್ಲ." ಕೊನೆಗೆ ಬರಗೂರಿಗೆ ಹೋಗಿ ಶಾಲೆಯ ಬಾಗಿಲಲ್ಲಿ ನಿಂತರು. ಮಂಗಳಾ ಟೀಚರೇ ಬರೆದುಕೊಟ್ಟರು. ಒಂದಲ್ಲ, ನಾಲ್ಕು. ಮೊದಲ ಮೂರಕ್ಕೆ ಉತ್ತರ ಬರಲಿಲ್ಲ. ನಾಲ್ಕನೆಯದು ಹೊಸದಾಗಿ ಬಂದ ಇಂಜಿನಿಯರ್ ಗೌರೀಶ್ ಅವರ ಮೇಜು ಸೇರಿತು. ಸೈಕಲ್ ಗಾಲಿ, ಹುಣಸೆ ಬೀಜ ಎಂಬುದನ್ನೆಲ್ಲ ಓದಿ ಅವರಿಗೆ ನಗು ಬಂತಂತೆ. ಆದರೂ ಹೋಗಿ ನೋಡಿಯೇ ಬಿಡೋಣ ಎಂದು ದಿನ ಗೊತ್ತು ಮಾಡಿದರು. ಅದೇ ಇವತ್ತು.

ಒಂಬತ್ತು ಹೊಡೆದು ಐದು ನಿಮಿಷಕ್ಕೆ ಜೀಪು ಬಂದು ನಿಲ್ಲುತ್ತದೆ. ಗೌರೀಶ್ ಮೂವತ್ತರ ಆಸುಪಾಸಿನವರು, ಮರ್ಯಾದಸ್ಥರು. ಬೋರ್ಡಿನ ಕಂಬದ ಪಕ್ಕದಲ್ಲಿ ಮೀಟರನ್ನು ಸೊನ್ನೆಗೆ ತಿರುಗಿಸುತ್ತಾರೆ. "ಚೌಡಯ್ಯ, ಮುಂದೆ ಕೂತ್ಕೊಳಿ. ನೀವೇ ನೋಡ್ತಾ ಇರಿ" ಎನ್ನುತ್ತಾರೆ. ಜೀಪಿನ ಮುಂದಿನ ಸೀಟಿನಲ್ಲಿ ಚೌಡಯ್ಯ ಕೂರುವುದು ಇದೇ ಮೊದಲು. ಮೊಣಕಾಲಿನ ಮೇಲೆ ಎರಡೂ ಕೈ ಊರಿ, ಮೀಟರಿನಿಂದ ಕಣ್ಣು ಕೀಳದೆ ಕೂರುತ್ತಾರೆ. ಹಿಂದಿನ ಸೀಟಿನಲ್ಲಿ ಪೆದ್ದಮ್ಮ, ಮಡಿಲಲ್ಲಿ ಬುತ್ತಿ.

ಐದು ದಿನ ನಡೆದ ದಾರಿ ಎರಡು ಗಂಟೆಯಲ್ಲಿ ಹಿಂದೆ ಸರಿಯುತ್ತದೆ. ಮಲಗಿದ್ದ ಗುಡಿ ಬಂದಾಗ ಪೆದ್ದಮ್ಮ ಕೈ ಮುಗಿಯುತ್ತಾರೆ. ಚೌಡಯ್ಯ ತಲೆ ಎತ್ತುವುದಿಲ್ಲ. ಮೀಟರ್ 74 ತೋರಿಸುವಾಗ ಸರಿಯಾಗಿ ಬಲಗಡೆ ಆ ಗೋಡೆ. ಗೌರೀಶ್ ಜೀಪು ನಿಲ್ಲಿಸಿ ಇಳಿದು ನೋಡುತ್ತಾರೆ. ಉದ್ದಕ್ಕೂ ಕಾಂಪೌಂಡು, ಮೇಲೆ ಮುಳ್ಳುತಂತಿ. ಬಾಗಿಲಿಲ್ಲ. "ಇಲ್ಲೇನಾ ಆ ಮೇಡಂ ನಿಂತಿದ್ದು?" ಎಂದು ಮೆಲ್ಲಗೆ ಕೇಳುತ್ತಾರೆ. ಚೌಡಯ್ಯ ಹೂಂ ಎನ್ನುತ್ತಾರೆ.

ಕೆರೆ ಏರಿ, ಊರು, ಗೋಡೆಯ ಮಗ್ಗುಲು. ಜೀಪು ಗೇಟು ದಾಟಿ ಒಳಗೆ ಕಾರು ನಿಲ್ಲಿಸುವ ಜಾಗದಲ್ಲಿ ನಿಂತಾಗ ಮೀಟರ್ 81.1. ಗೌರೀಶ್ ನಗುತ್ತಾ ಕೈ ಚಾಚುತ್ತಾರೆ. "ಗೆದ್ರಿ ಚೌಡಯ್ಯ."

ಚೌಡಯ್ಯ ಕೈ ಕೊಡುವುದಿಲ್ಲ. ಮುಖ ಸಪ್ಪಗಾಗಿದೆ. ನೂರು ಮೀಟರ್ ಜಾಸ್ತಿ ಹೇಗೆ ಬಂತು ಎಂದು ಹಿಂದೆ ತಿರುಗಿ ಗೇಟು ನೋಡುತ್ತಾರೆ, ಜೀಪು ನೋಡುತ್ತಾರೆ. ಹೋಗಲಿ ಬಿಡಿ, ನೂರು ಮೀಟರ್ ಯಾವ ಲೆಕ್ಕ ಎಂದು ಇಂಜಿನಿಯರ್ ಹೇಳುತ್ತಿದ್ದರೂ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿಲ್ಲ. ಆಮೇಲೆ ಒಮ್ಮೆಲೇ ಮುಖ ತಿಳಿಯಾಗುತ್ತದೆ.

"ಸಾರ್, ನಂದು ಆ ಗೇಟಿನ ಅಡ್ಡಗಂಬಿ ತಂಕ ಲೆಕ್ಕ. ಆವತ್ತು ಸೈಕಲ್ ಒಳಕ್ಕೆ ಬುಡ್ಲಿಲ್ಲ. ಅಲ್ಲಿಂದ ಇಲ್ಲಿಗೆ ಒಂದರವತ್ತು ಸುತ್ತಿರ್ಬೋದು. ನೂರಾ ಮೂವತ್ತು ಮೀಟ್ರು. ನನ್ನ ಎಣಿಕೆ ಎಂಬತ್ತೊಂದಕ್ಕೆ ಮೂವತ್ತು ಮೀಟ್ರು ಕಮ್ಮಿ ಇತ್ತಲ್ಲ, ಸರಿ ಓಯ್ತು."

ಗೌರೀಶ್ ಜೀಪಿನಿಂದ ಟೇಪು ತೆಗೆಯುತ್ತಾರೆ. ಒಂದು ತುದಿ ಪೆದ್ದಮ್ಮ ಹಿಡಿಯುತ್ತಾರೆ. ಅಡ್ಡಗಂಬಿಯಿಂದ ಜೀಪಿನ ಮುಂದಿನ ಗಾಲಿಯ ತನಕ ಅಳೆಯುತ್ತಾರೆ. ನೂರ ಮೂವತ್ತೆರಡು ಮೀಟರ್. ಇಂಜಿನಿಯರ್ ಟೇಪಿನ ಅಂಕಿಯನ್ನು ಬಗ್ಗಿ ಇನ್ನೊಮ್ಮೆ ನೋಡುತ್ತಾರೆ. ಸೈಕಲ್ ಗಾಲಿ ಎಂದು ನಕ್ಕದ್ದು ನೆನಪಾಗಿರಬೇಕು. ಟೇಪು ಸುತ್ತಿಟ್ಟು ಮತ್ತೆ ಕೈ ಚಾಚುತ್ತಾರೆ. ಈ ಸಲ ಚೌಡಯ್ಯ ಅಂಗಿಗೆ ಕೈ ಒರೆಸಿಕೊಂಡು ಕೊಡುತ್ತಾರೆ.

ವಾಪಸು ಬರುವಷ್ಟರಲ್ಲಿ ನಡು ಮಧ್ಯಾಹ್ನ. ಆದೇಶಕ್ಕೆ ಅಲ್ಲೇ ಬಾನೆಟ್ಟಿನ ಮೇಲೆ ಸಹಿ ಹಾಕಿದ ಗೌರೀಶ್, ಈಗಲೇ ಬರೆದುಬಿಡಿ ಎನ್ನುತ್ತಾರೆ. ಚೌಡಯ್ಯ ತಗಡು ಮುಟ್ಟಿ ನೋಡಿ ತಲೆ ಆಡಿಸುತ್ತಾರೆ. "ಕಾದೈತೆ ಸಾರ್. ಒಂದೂವರೆ ವರ್ಷ ಕಾದಿದೀನಿ, ಒಂದು ರಾತ್ರಿ ಯಾವ ಮಾತು. ಈ ಅಂಕಿ ಗುಳ್ಳೆ ಏಳ್ಬಾರ್ದು."

ಬೋರ್ಡಿನ ಹಿಂದೆ ಹೋಗಿ ಸಣ್ಣ ಅಕ್ಷರಗಳನ್ನೆಲ್ಲ ಓದಿದ ಗೌರೀಶ್ ಹೊರಡುವ ಮುಂಚೆ ಒಂದು ಮಾತು ಹೇಳುತ್ತಾರೆ. "ಮುಖ ಇಲಾಖೆದು ಚೌಡಯ್ಯ. ಬೆನ್ನು ನಿಮ್ದೇ ಇಟ್ಕೊಳಿ."

ಮಾರನೇ ದಿನ. ಮತ್ತೆ ಆರಕ್ಕೆ ಹತ್ತು ನಿಮಿಷ. ತಗಡು ತೊಳೆದಾಗಿದೆ, ಒರೆಸಿಯೂ ಆಗಿದೆ. 74ರ ಮೇಲೆ ಮೊದಲು ಹಸಿರು ಬಣ್ಣ ಎಳೆಯುತ್ತಾರೆ. ಅದು ಆರುವ ತನಕ ಇಬ್ಬರೂ ರಸ್ತೆಯ ಬದಿಯಲ್ಲಿ ಕೂತು ಫ್ಲಾಸ್ಕಿನ ಟೀ ಕುಡಿಯುತ್ತಾರೆ. ಪೆದ್ದಮ್ಮನ ಸೆರಗಿನ ತುದಿಯಲ್ಲಿ ಹುರಿದ ಹುಣಸೆ ಬೀಜದ ಗಂಟು. "ಇವು ಎಣಿಸ್ದೇ ಇರೋವು, ತಿನ್ನು" ಎಂದು ಗಂಡನ ಕೈಗೆ ನಾಲ್ಕು ಹಾಕುತ್ತಾರೆ. ಆಮೇಲೆ ಚೌಡಯ್ಯ ಎದ್ದು ನಿಂತು, ಉಸಿರು ಹಿಡಿದು, ಎಂಟು ಬರೆಯುತ್ತಾರೆ. ಒಂದು ಬರೆಯುತ್ತಾರೆ. ಎರಡು ಹೆಜ್ಜೆ ಹಿಂದೆ ಬಂದು ನೋಡುತ್ತಾರೆ.

ನಿವೃತ್ತಿಗೆ ಇನ್ನು ಮೂರು ವರ್ಷವಿದೆ. ಏನಾದರೂ ಆಸೆ ಇದೆಯೇ, ಒಮ್ಮೆಯಾದರೂ ವಿಮಾನ ಹತ್ತಬೇಕು ಅನ್ನಿಸುವುದಿಲ್ಲವೇ ಎಂದರೆ ಕೈ ಆಡಿಸಿಬಿಡುತ್ತಾರೆ. "ಇಪ್ಪತ್ತೈದು ನಿಮಿಷದಾಗೆ ಏನ್ ಕಾಣುಸ್ತದೆ." ಆಸೆ ಇದ್ದದ್ದು ಒಂದೇ. ಅದಕ್ಕಾಗಿ ಅಂಗಿಯ ಎಡಗಡೆ ಜೇಬಿನಿಂದ, ಬೀಜ ತುಂಬುತ್ತಿದ್ದ ಅದೇ ಜೇಬಿನಿಂದ, ಪೆದ್ದಮ್ಮನ ಕೈಲಿ ಫೋನು ತೆಗೆಸುತ್ತಾರೆ. ಬಣ್ಣದ ಬೆರಳು ತಾಗದಂತೆ ಪೆದ್ದಮ್ಮನೇ ನಂಬರು ಒತ್ತಿ ಕಿವಿಗೆ ಹಿಡಿಯುತ್ತಾರೆ. ಆ ಕಡೆಯಿಂದ ಮಂಗಳಾ ಟೀಚರ ನಿದ್ದೆಗಣ್ಣಿನ ದನಿ.

"ಮಂಗಳಮ್ಮ, ನಾನು ಚೌಡಯ್ಯ, ಬೋರ್ಡಿನೋನು" ಎನ್ನುತ್ತಾರೆ. "ಏಳು ಕಿಲೋಮೀಟ್ರು ಎಲ್ಲೋಯ್ತಣ್ಣ ಅಂತ ಕೇಳಿದ್ರಲ್ಲ ತಾಯಿ, ಸಿಕ್ತು. ಬರ್ದಿದೀನಿ. ಇನ್ನೂ ಒಣಗಿಲ್ಲ, ಇಲ್ಲೇ ಕಾಯ್ಕಂಡು ಕೂತಿದೀನಿ."